ಕೆಂಪು ಶಾಯಿಯ ಅರ್ಜಿ

ಕಾಮಾ ಎಲ್ಲಿ ಹಾಕಬೇಕೆಂದು ತಿಳಿಯದವಳ ಜೊತೆ ಸಂಸಾರ ಮಾಡುವುದೆಂದರೆ ಸುಮ್ಮನೆ ಮಾತಲ್ಲ, ಸ್ವಾಮಿ! ನಾನು ಪ್ರೆಸ್ಸಿನಲ್ಲಿ ಇಂಗ್ಲಿಷ್ ಪ್ರೂಫ್ ತಿದ್ದುವವನು. ನನ್ನ ಕೆಂಪು ಪೆನ್ನಿನ ಕಣ್ಣು ತಪ್ಪಿಸಿ ಈ ಮನೆಯಿಂದ ಹಾಲಿನವನ ಚೀಟಿಯೂ ಹೊರಗೆ ಹೋಗಿಲ್ಲ. (ಹಾಲಿನವನಿಗೆ ಇಂಗ್ಲಿಷ್ ಬರುವುದಿಲ್ಲ, ಅದು ಅವನ ಹಣೆಬರಹ.)

ಮೊನ್ನೆ ನನ್ನವಳು ಪಕ್ಕದ ಬೀದಿಯ ಶಾಲೆಗೆ ಟೀಚರ್ ಕೆಲಸಕ್ಕೆ ಅರ್ಜಿ ಬರೆದಳು. ಮಕ್ಕಳು ಹುಟ್ಟಿದಾಗ ಬಿಟ್ಟ ಕೆಲಸ. ಮತ್ತೆ ಪಾಠ ಹೇಳಬೇಕೆಂದು ಹತ್ತು ವರ್ಷದಿಂದ ಕಾದಿದ್ದಳು. ಅರ್ಜಿ ಕೊಡಲು ಅಂದೇ ಸಂಜೆ ಐದಕ್ಕೆ ಕೊನೆ.

"ನಿಲ್ಲು! ಈ 'ಬಟ್'ಗೆ ಮುಂಚೆ ಕಾಮಾ ಎಲ್ಲೇ?"

"ಅದಿಲ್ದಿದ್ರೆ ಅರ್ಥ ಆಗಲ್ವೇನ್ರೀ?"

"ಎರಡೂ ಕಡೆ ಪೂರ್ತಿ ವಾಕ್ಯ ಇದ್ರೆ ಬೇಕೇ ಬೇಕು."

"ಸರಿ, ಈ 'ಆ್ಯಂಡ್'ಗೆ ಮುಂಚೆ ಹಾಕಿದ್ದೀನಲ್ಲ?"

"ಅಲ್ಲಿ ಬೇಡ! ಆ್ಯಂಡ್ ಆದ್ಮೇಲೆ ಕರ್ತೃನೇ ಇಲ್ಲ."

"ಕರ್ತೃ ಇಲ್ಲೇ ಕೂತು ನನ್ನ ಪ್ರಾಣ ತಿಂತಿದ್ದಾರಲ್ಲ!"

ಮೂರು ಸಲ ಬರೆಸಿದೆ. ನಾಲ್ಕೂ ಮುಕ್ಕಾಲಿಗೆ ಶುದ್ಧಪ್ರತಿ ಸಿದ್ಧವಾಯಿತು. ಅವಳ ಮುಖ ಮಾತ್ರ ಊದಿಕೊಂಡಿತ್ತು. ನಾನೇ ಲಕೋಟೆಗೆ ಹಾಕಿ ಅಂಟಿಸಿ, ಎದ್ದೆನೋ ಬಿದ್ದೆನೋ ಎಂದು ಓಡಿಹೋಗಿ ಶಾಲೆಯಲ್ಲಿ ಕೊಟ್ಟು ಬಂದೆ.

ಮನೆಗೆ ಬಂದು ನೋಡುತ್ತೇನೆ, ಶುದ್ಧಪ್ರತಿ ಮೇಜಿನ ಮೇಲೆ ತಣ್ಣಗೆ ಮಲಗಿದೆ! ಪ್ರೆಸ್ಸಿನಲ್ಲಿ ಲಕೋಟೆಗೆ ಹೋಗುವುದು ಯಾವಾಗಲೂ ಕೆಂಪು ಗೀಚಿದ ಹಾಳೆಯೇ. ನನ್ನ ಕೈ ಅಭ್ಯಾಸಬಲದಿಂದ ಅದನ್ನೇ ತುರುಕಿತ್ತು. ಅದರ ಅಂಚಿನಲ್ಲಿ ನನ್ನ ಅಮೃತವಾಣಿ ಬೇರೆ: "ಎಷ್ಟು ಸಲ ಹೇಳಬೇಕೇ ನಿನಗೆ? ತಲೆಯಲ್ಲಿ ಏನಿದೆ?"

"ನನ್ನ ಹತ್ತು ವರ್ಷದ ಆಸೆಗೆ ಮಣ್ಣು ಹಾಕಿದ್ರಿ!" ಎಂದವಳು ಮಾತು ಬಿಟ್ಟಳು. ನನಗೂ ನಾಚಿಕೆಯಾಯಿತು, ನಿಜಕ್ಕೂ. ಎರಡು ದಿನ ಪೆನ್ನು ಮುಟ್ಟಲಿಲ್ಲ.

ಮೂರನೆಯ ದಿನ ಶಾಲೆಯಿಂದ ಕರೆ ಬಂತು. ತಪ್ಪೊಪ್ಪಿಕೊಳ್ಳಲು ನಾನೂ ಹಿಂದೆ ಹೋದೆ. ಹೆಡ್‌ಮಿಸ್ ಆ ಹಾಳೆಯನ್ನು ಎತ್ತಿ ಹಿಡಿದರು.

"ಇದನ್ನ ತಿದ್ದಿದ್ದು ಯಾರಮ್ಮಾ?"

"ನಮ್ಮ ಯಜಮಾನ್ರು," ಎಂದು ಇವಳು ನನ್ನತ್ತ ತೋರಿಸಿದಳು.

"ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಹದಿನೆಂಟು."

ಅವರು ಕನ್ನಡಕ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಇವಳ ಕೈ ಹಿಡಿದುಕೊಂಡು ಹೇಳಿದರು:

"ನಾಳೆಯಿಂದ್ಲೇ ಬಂದ್ಬಿಡಿ. ನಮ್ಮ ಏಳನೇ ಕ್ಲಾಸಿನ ಮಕ್ಕಳನ್ನ ಒಂದು ವಾರಕ್ಕಿಂತ ಹೆಚ್ಚು ಯಾವ ಟೀಚರೂ ತಡ್ಕೊಂಡಿಲ್ಲ. ನಿಮಗೆ ಅವರು ಯಾವ ಲೆಕ್ಕ!"