ಹಲ್ಲಿ ನುಡಿದ ಫೈನಲ್

ಟೆನಿಸ್ ವಿಷಯದಲ್ಲಿ ಈ ನೀಲಕಂಠಪ್ಪ ಬಾಯಿ ಬಿಟ್ಟರೆ ಅದು ಬ್ರಹ್ಮಲಿಖಿತ! ಹಾಗೆಂದು ನಮ್ಮ ಆಫೀಸಿನಲ್ಲಿ ಒಬ್ಬರು ನಂಬಿದ್ದರು. ಆ ಒಬ್ಬರು ನಾನೇ.

ಎಪ್ಪತ್ತೊಂದನೇ ಇಸವಿ. ಮುಂಬಯಿಯಲ್ಲಿ ಹೆಂಗಸರ ದೊಡ್ಡ ಟೆನಿಸ್ ಪಂದ್ಯಾವಳಿ. ಫೈನಲಿಗೆ ಬಂದವರು ವಿಲಾಯತಿಯ ಮಿಸ್ ವಿನ್‌ಫೀಲ್ಡ್ ಮತ್ತು ಯಾರೂ ಹೆಸರು ಕೇಳಿರದ ಮಲಾಡದ ಹುಡುಗಿ ರಜಿಯಾ. ಆಂಟಾಪ್ ಹಿಲ್‌ನ ನಮ್ಮ ಕ್ವಾರ್ಟರ್ಸಿಗೆ ಚಹಾಕ್ಕೆ ಬಂದಿದ್ದ ಸಹೋದ್ಯೋಗಿ ಮಜೀದನ ಮುಂದೆ ನಾನು ಮೀಸೆ ತಿರುವಿದೆ. ಸಾಮಾನ್ಯ ಮೀಸೆಯಲ್ಲ! ಹೆಣ್ಣು ನೋಡಲು ಹೋದಾಗ ಗುರುಬಾಯಿ ನನ್ನನ್ನು ಒಪ್ಪಿದ್ದೇ ಅದನ್ನು ನೋಡಿ.

“ಆ ವಿನ್‌ಫೀಲ್ಡ್ ಹೆಸರಿನಾಗ ವಿನ್ ಐತಿ! ರಜಿಯಾ ಗೆದ್ದರ ನಾ ಮೀಸಿ ಬೋಳಿಸ್ತೀನಿ!”

‘ಲೊಚ್, ಲೊಚ್, ಲೊಚ್!’

ಗುರುಬಾಯಿ ಚಹಾದ ಬಸಿ ಕೆಳಗಿಟ್ಟವಳೇ ಬೆರಳಿನಿಂದ ನೆಲ ಬಡಿದಳು. ಮಾತಿನ ಬೆನ್ನಿಗೇ ಹಲ್ಲಿ ನುಡಿದರೆ ಆ ಮಾತು ಖರೆ ಆಗುತ್ತದೆ, ಕೇಳಿದವರು ನೆಲ ಬಡಿದು ಒಪ್ಪಿಕೊಳ್ಳಬೇಕು ಎಂಬುದು ಧಾರವಾಡದಿಂದ ನಮ್ಮ ಟ್ರಂಕಿನ ಜೊತೆಗೇ ಬಂದ ನಂಬಿಕೆ.

“ಹಲ್ಲಿ ನುಡೀತ್ರೀ!”

“ಯಾವುದಕ್ಕ ನುಡೀತು? ರಜಿಯಾ ಗೆಲ್ಲೂದಕ್ಕೋ, ನನ್ನ ಮೀಸಿ ಹೋಗೂದಕ್ಕೋ?”

“ಎರಡಕ್ಕೂ!”

“ಬಸ್, ಪಕ್ಕಾ ಆತು ನೀಲಕಂಠಪ್ಪಣ್ಣ! ಸಾಕ್ಷಿಗೆ ಹಲ್ಲಿ ಐತಿ!” ಎಂದ ಮಜೀದ.

ಅವನು ಹೋದ ಮೇಲೆ ಗೋಡೆಗೆ ಮುಖ ಮಾಡಿ ನಿಂತೆ. “ವಿನ್‌ಫೀಲ್ಡ್ ಗೆಲ್ತಾಳ,” ಎಂದೆ. ಸದ್ದಿಲ್ಲ. ಕೂಗಿ ಹೇಳಿದೆ. ಸದ್ದಿಲ್ಲ. ಕೈಮುಗಿದು ಬೇಡಿಕೊಂಡೆ! ಊಹೂಂ. ಕೊನೆಗೆ ಸುಮ್ಮನೆ “ರಜಿಯಾ” ಎಂದು ಪಿಸುಗುಟ್ಟಿದೆ.

‘ಲೊಚ್!’ ಕಿವಿಯ ಪಕ್ಕದಲ್ಲೇ!

ಕಪಾಟು ಸರಿಸಿದೆ, ಕ್ಯಾಲೆಂಡರ್ ಎತ್ತಿದೆ, ರೇಡಿಯೊದ ಬೆನ್ನು ಬಿಚ್ಚಿದೆ. ಮೊನ್ನೆಯಷ್ಟೇ ಸುಣ್ಣ ಬಳಿದ ಬೋಳು ಗೋಡೆ. ಹಲ್ಲಿಯ ಬಾಲವೂ ಇಲ್ಲ!

“ಹಲ್ಲಿ ಇಲ್ಲಂದ್ರ ನುಡಿಯೂದು ಯಾರು?”

ಗುರುಬಾಯಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಭಾನುವಾರ ಮಧ್ಯಾಹ್ನ ಫೈನಲ್. ಮಜೀದ ಮೈದಾನಕ್ಕೇ ಹೋದ. ನಾವಿಬ್ಬರು ರೇಡಿಯೊ ಮುಂದೆ. ಇಡೀ ಬಿಲ್ಡಿಂಗ್ ಏಕೋ ಸದ್ದಡಗಿ ಕೂತಿತ್ತು. ಮೊದಲು ‘ಲೊಚ್!’ ಆಮೇಲೆ ಕಾಮೆಂಟರಿಯವನು “ಪಾಯಿಂಟ್, ರಜಿಯಾ!” ಮತ್ತೆ ‘ಲೊಚ್!’ ಮತ್ತೆ “ರಜಿಯಾ!” ಅವನಿಗಿಂತ ಮುಂಚೆ ನಮ್ಮ ಗೋಡೆಗೆ ಗೊತ್ತಾಗುತ್ತಿತ್ತು! ಇವಳೇ ನಾಲಿಗೆಯಲ್ಲಿ ಲೊಚಗುಟ್ಟುತ್ತಿರಬೇಕೆಂದು ಗುರುಬಾಯಿಯ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದೆ.

‘ಲೊಚ್!’

ನನ್ನ ಕೈ ತಾನಾಗಿ ಕೆಳಗಿಳಿಯಿತು. ಕೊನೆಯ ಪಾಯಿಂಟಿಗೆ ಸರಿಯಾಗಿ ಕರೆಂಟು ಹೋಯಿತು. ರೇಡಿಯೊದ ಹಸಿರು ಕಣ್ಣು ಮೆಲ್ಲಗೆ ಮುಚ್ಚಿತು.

‘ಲೊಚ್, ಲೊಚ್, ಲೊಚ್!’

ನಾನು ಎದ್ದು ಹೋಗಿ ಸೋಪು ಕಲಸಿದೆ. ಅಳು ಬಂದದ್ದು ಸುಳ್ಳಲ್ಲ.

ಸಂಜೆ ಮಜೀದ “ರಜಿಯಾ ಚಾಂಪಿಯನ್!” ಎಂದು ಕೂಗುತ್ತಲೇ ಮೆಟ್ಟಿಲು ಹತ್ತಿ ಬಂದ. ಬಾಗಿಲು ತೆರೆದೆ. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ನೀಲಕಂಠಪ್ಪಣ್ಣ ಮನ್ಯಾಗ ಅದಾರೇನ್ರಿ?” ಎಂದ, ಹಾಳಾದವನು!

ಅವನು ಹೋದ ಮೇಲೆ, ಉಳಿದ ಮಾನವನ್ನಾದರೂ ಕಾಪಾಡೋಣವೆಂದು ಎದೆಯುಬ್ಬಿಸಿದೆ.

“ಮೀಸಿ ಹೋದರ ಏನಾತು? ಈ ಮನ್ಯಾಗ ನಂದ ಕಡೀ ಮಾತು!”

ಇಬ್ಬರೂ ಗೋಡೆ ನೋಡುತ್ತ ಕಾದೆವು. ಸದ್ದಿಲ್ಲ.

“ನಂದ ಕಡೀ ಮಾತು,” ಎಂದಳು ಗುರುಬಾಯಿ, ಮೆಲ್ಲಗೆ.

‘ಲೊಚ್, ಲೊಚ್, ಲೊಚ್!’

ನಾನು ಬಗ್ಗಿ ನೆಲ ಬಡಿದೆ.