ತಾಡಪತ್ರಿ ಚಾಂದಸಾಬರ ಮರ್ಯಾದೆಯ ಉತ್ತರ

"ಈ ವಾರ ಮುಗಿಯೋದ್ರಾಗ ಇಮೇಲ್ ಪೆಟ್ಟಿಗಿ ಖಾಲಿ ಮಾಡ್ತೀನಿ. ಇಲ್ಲಾಂದ್ರ ನಾನು ಚಾಂದಸಾಬೇ ಅಲ್ಲ!"

"ಮೊದ್ಲು ತಾಟು ಖಾಲಿ ಮಾಡ್ರಿ, ರೊಟ್ಟಿ ಆರ್ತಾವು," ಎಂದರು ಹೆಂಡತಿ ರಹೀಮಾಬೀ.

ಬಳ್ಳಾರಿಯಲ್ಲಿ ಅದಿರು ಲಾರಿಗಳಿಗೆ ಹೊದಿಸುವ ತಾಡಪತ್ರಿ ಮಾರುವವರು ಚಾಂದಸಾಬರು. ಗಣಿಯ ಭರಾಟೆಯಲ್ಲಿ ವ್ಯಾಪಾರ ಕುದುರಿ ಮನೆಗೆ ಕಂಪ್ಯೂಟರೂ ಬಂತು. ಕೆಂಪು ಧೂಳು ಕೂರದಂತೆ ಅದಕ್ಕೂ ಒಂದು ತುಂಡು ತಾಡಪತ್ರಿ! ಆದರೆ ತಂತಿಯೊಳಗಿಂದಲೇ ನುಗ್ಗುವ ಕಸಕ್ಕೆ ಏನು ಹೊದಿಸುವುದು? ಲಂಡನ್ ಲಾಟರಿ, ಬೋಳುತಲೆಗೆ ಎಣ್ಣೆ, ಚಿನ್ನದ ಗಡಿಯಾರ! ದಿನಕ್ಕೆ ಹತ್ತು ಹನ್ನೆರಡು ಪತ್ರ.

ಬಂದವರಿಗೆ ಮಾತೇ ಆಡದೆ ಬಾಗಿಲು ಹಾಕುವುದು ಅವರ ಜಾಯಮಾನದಲ್ಲಿರಲಿಲ್ಲ. ಅಗರಬತ್ತಿ ಮಾರುವವನಿಗೂ ಚಹಾ ಕುಡಿಸಿಯೇ 'ಬ್ಯಾಡಪಾ' ಎನ್ನುವವರು. ಹಾಗಾಗಿ ಒಬ್ಬೊಬ್ಬರಿಗೂ ಉತ್ತರ ಬರೆದರು: "ಸಲಾಂ. ನೀವು ಕಳಿಸಿದ್ದು ನೋಡಿದೆವು. ನಮಗೆ ಬೇಡ. ದಯವಿಟ್ಟು ಇನ್ನೊಮ್ಮೆ ಬರಬೇಡಿ."

ಮೂರನೆಯ ದಿನಕ್ಕೆ ನೂರು ಪತ್ರ. ಐದನೆಯ ದಿನಕ್ಕೆ ನಾನೂರು!

"ಅಬ್ಬಾ, ಉತ್ತರ ಕೊಟ್ರ ಮನ್ಯಾಗ ಮಂದಿ ಅದಾರಂತ ಅವ್ರಿಗೆ ಗೊತ್ತಾಗ್ತೈತಿ. ಸುಮ್ನ ಅಳಿಸಿಬಿಡ್ರಿ," ಎಂದು ಮಗಳು ಖುಷ್ಬೂ ಅಂಗಲಾಚಿದಳು.

"ಮರ್ಯಾದಿ ಬಿಟ್ಟು ಬದುಕಾಕ ಆಗ್ತೈತೇನವ್ವ? ಬರ್ದು ಬರ್ದು ಬೆರಳು ಸವದು ಹೋಗ್ಯಾವು. ಇದೇ ಉತ್ತರ ತಾನಾಗೇ ಹೋಗೋ ಹಂಗ ಮಾಡು."

ಮಗಳು ಮನಸ್ಸಿಲ್ಲದೆ ಮಾಡಿಕೊಟ್ಟಳು. ಚಾಂದಸಾಬರು ಕೋಟೆ ಗೆದ್ದ ಸುಲ್ತಾನನ ಠೀವಿಯಲ್ಲಿ ಕಂಪ್ಯೂಟರಿಗೆ ತಾಡಪತ್ರಿ ಎಳೆದರು. ಎಂಟು ದಿನ ಅದನ್ನು ಸರಿಸಲೇ ಇಲ್ಲ.

ಶುಕ್ರವಾರ ಸಿರುಗುಪ್ಪದಿಂದ ಖುಷ್ಬೂಳನ್ನು ನೋಡಲು ಗಂಡಿನವರು ಬರಬೇಕು. ಹುಡುಗ ಅಜರುದ್ದೀನ್ ಕಂಪ್ಯೂಟರ್ ಮೇಷ್ಟ್ರು. ಅವನ ಫೋಟೊ ನೋಡಿದಾಗಿನಿಂದ ಖುಷ್ಬೂ ಪಾತ್ರೆ ತೊಳೆಯುವಾಗಲೂ ಗುನುಗುತ್ತಿದ್ದಳು. ರಹೀಮಾಬೀ ಬಿರಿಯಾನಿಗೆ ದಮ್ ಕಟ್ಟಿ ಕಾದರು. ಎರಡು ಗಂಟೆಯಾಯಿತು, ನಾಲ್ಕಾಯಿತು. ಕೊನೆಗೆ ಬಂದದ್ದು, ಈ ಸಂಬಂಧ ತಂದಿದ್ದ ಕುರುಗೋಡಿನ ಭಾವಮೈದ ಜಾವೇದ್ ಒಬ್ಬನೇ. ಮುಖ ಊದಿತ್ತು.

"ಭಾವ, ಶುಕ್ರವಾರ ಬರ್ತೀವಿ, ಅನುಕೂಲ ಐತೇನಂತ ಹುಡುಗ ಇಮೇಲ್ ಹಾಕಿದ್ರ, 'ನೋಡಿದೆವು, ಬೇಡ, ಇನ್ನೊಮ್ಮೆ ಬರಬೇಡಿ' ಅಂತ ಬರ್ದೀರಲ್ಲ! ಅದೂ ಒಂದ ನಿಮಿಷದಾಗ! ಹುಡುಗನ ಇನ್ನೊಂದು ಫೋಟೊನೂ ಅದರಾಗ ಇತ್ತು, ಅದನ್ನ ನೋಡೇ ಬ್ಯಾಡ ಅಂದ್ರಿ ಅಂದ್ಕೊಂಡಾರ. ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ?"

"ಯಾ ಅಲ್ಲಾ! ನಡಿ, ಈಗ್ಲೇ ಸಿರುಗುಪ್ಪಕ್ಕ ಹೋಗಿ ಕೈ ಮುಗೀತೀನಿ!"

"ಇನ್ನ ಹೋಗಿ ಏನ್ ಮಾಡ್ತೀರಿ? ಸಿಟ್ಟಿನಾಗ ನಿನ್ನೆನೇ ದೇಶನೂರಾಗ ಬ್ಯಾರೆ ಹುಡುಗಿ ಜೋಡಿ ಮಾತು ಮುಗಿಸ್ಯಾರ."

ಖುಷ್ಬೂ ಹೊಸ ಬಳೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋದಳು. ಚಾಂದಸಾಬರು ಆ ಬಳೆಗಳನ್ನು ಬಾಚಿಕೊಂಡು ಹೆಂಡತಿಯತ್ತ ತಿರುಗಿದರು.

"ನಾ ಬ್ಯಾಡ ಅಂದದ್ದು ಆ ಲಂಡನ್ ಲಾಟ್ರಿಯವರಿಗೆ ನೋಡು!" ಎಂದು ಗೋಳಾಡಿದರು.

ರಹೀಮಾಬೀ ಬಿರಿಯಾನಿಯ ಮುಚ್ಚಳ ತೆಗೆಯುತ್ತ ಹೇಳಿದರು:

"ಅವ್ರಿಗೆ ನಾನೂರು ಸಲ ಬ್ಯಾಡ ಅಂದ್ರೂ ಬರ್ತಾರ. ಮರ್ಯಾದಿ ಇದ್ದೋರಿಗೆ ಒಂದ್ಸಲ ಅಂದ್ರ ಸಾಕು ನೋಡ್ರಿ, ಮತ್ತ ಬರಂಗಿಲ್ಲ."