ವಿಮಾನದಲ್ಲಿ ಬಂದ ರೇಷ್ಮೆ ಸೀರೆ

ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿಟ್ಟಿದ್ದ ಓಂಕಾರಮೂರ್ತಿಗಳಿಗೆ ವಿಮಾನ ಹತ್ತುವ ಯೋಗ ಬಂದದ್ದು ೨೦೦೪ರಲ್ಲಿ, ಭಾವಮೈದುನ ಮಹಾಂತೇಶನ ನಿಶ್ಚಿತಾರ್ಥಕ್ಕೆ. ಹೆಣ್ಣಿನ ಮನೆ ಹೈದರಾಬಾದು. ಟಿಕೆಟ್ ಕೈಗೆ ಬಂದ ದಿನದಿಂದ ಅವರು ಎಣ್ಣೆಗೆ ಬಂದವರಿಗೂ ಪಾಠ ಒಪ್ಪಿಸತೊಡಗಿದರು: "ಬೆಂಗಳೂರು ಏರ್‌ಪೋರ್ಟಿಂದ ಹೈದರಾಬಾದ್ ಏರ್‌ಪೋರ್ಟಿಗೆ ಐನೂರು ಕಿಲೋಮೀಟರ್. ಒಂದು ಗಂಟೆ ಐದು ನಿಮಿಷ!" (ಆ ಐದು ನಿಮಿಷವನ್ನು ಅವರು ಒಮ್ಮೆಯೂ ಬಿಟ್ಟವರಲ್ಲ.)

ಮೊಳಕಾಲ್ಮೂರಿನ ಅತ್ತೆ ತಿಪ್ಪೇರುದ್ರಮ್ಮ ಹಿಂದಿನ ಸಂಜೆಯೇ ನೆಂಟರೊಂದಿಗೆ ಬಳ್ಳಾರಿ ಮೇಲೆ ಬಸ್ಸಿನಲ್ಲಿ ಹೊರಡುವವರು. ಹೆಣ್ಣಿಗೆ ಉಡಿಸಲು ಊರಿನ ಮಗ್ಗದಲ್ಲೇ ನೇಯಿಸಿದ ಗಿಳಿಹಸಿರು ರೇಷ್ಮೆ ಸೀರೆ ಅವರ ಚೀಲದಲ್ಲಿತ್ತು. ಓಂಕಾರಮೂರ್ತಿಗಳು ಅಲ್ಲಿಗೇ ಹೋಗಿ ಅದನ್ನು ವಶಪಡಿಸಿಕೊಂಡರು.

"ಬಸ್ಸಿನಾಗೆ ಮುದ್ದೆ ಆಗ್ತೈತೆ ಅತ್ತೇರೇ. ವಿಮಾನದಾಗೆ ಇಸ್ತ್ರಿ ಕೆಡದಂಗೆ ತರ್ತೀನಿ."

"ಚಳ್ಳಕೆರೆಯಿಂದ ವಿಮಾನದ ತನಕ ಎಷ್ಟೊತ್ತಾಗ್ತೈತ್ರಿ ಅಳಿಯಂದ್ರೇ?"

"ಅದು ಲೆಕ್ಕಕ್ಕಿಲ್ಲ ಬಿಡ್ರಿ!"

ಲೆಕ್ಕಕ್ಕಿತ್ತು. ವಿಮಾನ ಒಂಬತ್ತೂವರೆಗೆ, ಮುಹೂರ್ತ ಹನ್ನೊಂದೂಮುಕ್ಕಾಲಿಗೆ. ನಸುಕಿನಲ್ಲಿ ಕಾರು ಹೊರಟಿತು. ಶಿರಾದಲ್ಲಿ ಇಡ್ಲಿ ತಿನ್ನುವಾಗ "ಬೇಗ ಏಳ್ರಿ" ಎಂದ ಹೆಂಡತಿ ಜ್ಯೋತಿಲಕ್ಷ್ಮಿಗೆ "ಇನ್ನೊಂದು ಪ್ಲೇಟ್ ವಡೆ" ಎಂಬ ಉತ್ತರ ಬಂತು. ಯಶವಂತಪುರದಿಂದ ಏರ್‌ಪೋರ್ಟಿಗೆ ಅವರು ಇಟ್ಟುಕೊಂಡಿದ್ದ ಅವಧಿ ಇಪ್ಪತ್ತು ನಿಮಿಷ. ಹಿಡಿದದ್ದು ಒಂದೂವರೆ ಗಂಟೆ. ಕೌಂಟರ್ ಮುಟ್ಟಿದಾಗ ಒಂಬತ್ತೂ ಇಪ್ಪತ್ತು. ವಿಮಾನದ ಬಾಗಿಲು ಮುಚ್ಚಿಯಾಗಿತ್ತು.

"ಇನ್ನೂ ಹಾರಿಲ್ವಲ್ಲಮ್ಮ! ಡ್ರೈವರಿಗೆ ಒಂದ್ಸಲ ಹೋಲ್ಡಾನ್ ಅನ್ರಿ!" ಎಂದು ಕೌಂಟರಿನವಳನ್ನು ಬೇಡಿಕೊಂಡರು.

"ಅದೇನು ನಮ್ಮೂರ ಬಿ.ಜಿ. ಕೆರೆ ಬಸ್ಸೇನ್ರೀ? ಬರ್ರಿ ಈ ಕಡೆ," ಎಂದು ಜ್ಯೋತಿಲಕ್ಷ್ಮಿ ತೋಳು ಹಿಡಿದೆಳೆದಳು.

ಮಧ್ಯಾಹ್ನದ ವಿಮಾನದಲ್ಲಿ ಸೀಟು ಸಿಕ್ಕಿತು. ಹಾರಿದ್ದು ಒಂದು ಗಂಟೆ ಐದು ನಿಮಿಷವೇ. ಛತ್ರ ಮುಟ್ಟಿದಾಗ ಮೂರು ಗಂಟೆ. ಊಟದ ಎಲೆ ಎತ್ತುತ್ತಿದ್ದರು.

ಹೆಣ್ಣು ಬೇರೊಂದು ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಅದು ತಿಪ್ಪೇರುದ್ರಮ್ಮ ತಾವು ಉಡಲೆಂದು ತಂದಿದ್ದು. ಗಂಡಿನ ತಾಯಿಯಾದ ಅವರು, ಬಸ್ಸಿನಲ್ಲಿ ಉಟ್ಟು ಬಂದ ಸುಕ್ಕುಸುಕ್ಕು ನೂಲಿನ ಸೀರೆಯಲ್ಲೇ ಬೀಗರ ಮುಂದೆ ಕೂತು ತಾಂಬೂಲ ಬದಲಾಯಿಸಿಕೊಂಡಿದ್ದರು.

"ತಪ್ಪಾಯ್ತು ಅತ್ತೇರೇ," ಎಂದು ಓಂಕಾರಮೂರ್ತಿಗಳು ಸೀರೆಯ ಚೀಲ ಚಾಚಿದರು.

"ಅಯ್ಯೋ, ಬಿಡ್ರಿ. ಇದನ್ನ ನಾನೇ ಉಟ್ಕಂತೀನಿ. ಫೋಟೋಕ್ಕಾದ್ರೂ ಆಗ್ತೈತೆ."

ಅರವತ್ತೈದರ ಅತ್ತೆ ಗಿಳಿಹಸಿರಿನಲ್ಲಿ ಹೊರಬಂದರು. ಬೀಗರ ಕಡೆಯ ಹೆಂಗಸರು ಅಂಚು ಮುಟ್ಟಿ ಮುಟ್ಟಿ ಮೆಚ್ಚಿದರು. ಒಬ್ಬೊಬ್ಬರಿಗೂ ತಿಪ್ಪೇರುದ್ರಮ್ಮ ಒಂದಿಷ್ಟೂ ಕಪಟವಿಲ್ಲದೆ, ಹೆಮ್ಮೆಯಿಂದಲೇ ಹೇಳಿದರು: "ನಮ್ಮ ಅಳಿಯಂದ್ರು ವಿಮಾನದಾಗೆ ತಂದಿದ್ದು ಕಣ್ರಿ! ಒಂದು ಸುಕ್ಕಿಲ್ಲ ನೋಡ್ರಿ!"

ಅದನ್ನು ಕೇಳಿದ ಫೋಟೋದವನು, "ವಿಮಾನದಲ್ಲಿ ಬಂದ ಅಳಿಯಂದಿರು ಮಧ್ಯಕ್ಕೆ ಬರಬೇಕು," ಎಂದ. ಓಂಕಾರಮೂರ್ತಿಗಳು ಬಂದು ನಿಂತರು. ಎಷ್ಟು ಹೇಳಿದರೂ ತಲೆ ಎತ್ತಲಿಲ್ಲ. ಆಲ್ಬಮ್ಮಿನಲ್ಲಿ ಅತ್ತೆಯ ಪಕ್ಕ ಅವರ ಮುಖವೇ ಇಲ್ಲ. ಫ್ಲ್ಯಾಶ್ ಬಿದ್ದು ಫಳಫಳ ಹೊಳೆಯುವ ಬೋಳುತಲೆ ಮಾತ್ರ ಇದೆ.